ಮುತ್ಯಾನ ಫೋಟೊ ಬಳಸುವ ವಿಧಾನ

ಈ ಕೈಪಿಡಿ ಸವದತ್ತಿ ತಾಲೂಕಿಗೆಂದು ತಯಾರಾದದ್ದು. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಮನೆಗಳಲ್ಲೂ ಅಷ್ಟಿಷ್ಟು ತಿದ್ದಿಕೊಂಡು ಬಳಸಬಹುದು. ಫೋಟೊ ಮುಟ್ಟುವ ಮುನ್ನ ಪೂರ್ತಿ ಓದಿರಿ. ಓದದೆ ನೇರವಾಗಿ ದೊಡ್ಡಪ್ಪನ ಮನೆಗೆ ಹೋಗಿ, "ನಮ್ಮ ಮುತ್ಯಾನ ಅಪ್ಪನ ಹೆಸರೇನರೀ?" ಎಂದು ಕೇಳಿದವರಿಗೆ ಚಹಾ ಕೂಡ ಸಿಕ್ಕಿದ್ದಿಲ್ಲ.

ಮೊದಲ ಎಚ್ಚರಿಕೆ

ನಮ್ಮ ಸೀಮೆಯಲ್ಲಿ ಹಿರಿಯರ ಹೆಸರು ವಿಚಾರಿಸಿಕೊಂಡು ಬರುವವರು ಎರಡೇ ಬಗೆ: ಹೆಣ್ಣು ನೋಡಲು ಬಂದವರು, ಹೊಲದ ಪಾಲು ಕೇಳಲು ಬಂದವರು. ನಿಮಗೆ ಮದುವೆಯಾಗಿದ್ದರೆ ನೀವು ಎರಡನೆಯವರು. "ಸುಮ್ನ ತಿಳಕೊಬೇಕಂತ ಬಂದೇನ್ರಿ" ಎಂಬ ಮಾತು ನಿಮ್ಮ ಮೇಲಿನ ಗುಮಾನಿಯನ್ನು ಹೆಚ್ಚು ಮಾಡುತ್ತದೆ, ಯಾಕೆಂದರೆ ಪಾಲು ಕೇಳಲು ಬಂದವರೂ ಮೊದಲು ಹಾಗೇ ಹೇಳಿರುತ್ತಾರೆ.

ಆದ್ದರಿಂದ ಹೋಗುವಾಗ ಉತಾರ, ಹೊಲದ ಹಕ್ಕು ಬದಲಾದ ಡೈರಿಯ ನಕಲು, ಸರ್ವೆ ನಂಬರ್ ಬರೆದ ಚೀಟಿ ಯಾವುದನ್ನೂ ಒಯ್ಯಬಾರದು. ಮುಖ್ಯವಾಗಿ ಬಗಲಲ್ಲಿ ಪ್ಲಾಸ್ಟಿಕ್ ಫೈಲು ಇರಬಾರದು. ಫೈಲು ಕಂಡದ್ದೇ ತಡ, ಗ್ವಾಡಿಯ ಮೇಲಿರುವ ಮುದುಕ ಯಾರೆಂಬುದು ಮನೆಮಂದಿಗೆಲ್ಲ ಒಮ್ಮೆಲೇ ಮರೆತುಹೋಗುತ್ತದೆ. "ಯಾರೋ ಏನೋ ತಮ್ಮಾ, ನಮ್ಮಪ್ಪನ ಕಾಲದಿಂದ ಅಲ್ಲೇ ಐತಿ."

ಬೇಕಾಗುವ ಸಾಮಾನು

ಮೊಬೈಲು. ಹಳೆಯ ಧೋತರದ ಮೆತ್ತನೆಯ ಅರಿವೆ. 2ಬಿ ಪೆನ್ಸಿಲು. ನೂರು ಪುಟದ ನೋಟುಬುಕ್ಕು. ಸಾಕ್ಷಿಗೆ ಹಲ್ಲಿದ್ದರೆ ಗೋಕಾಕದ ಕರದಂಟು, ಇಲ್ಲದಿದ್ದರೆ ಬೆಳಗಾವಿಯ ಕುಂದಾ. ಹೆಚ್ಚಿನ ವಿಷಯ ಗೊತ್ತಿರುವವರಿಗೆಲ್ಲ ಕುಂದಾ ಬೇಕಾಗುತ್ತದೆಂದು ತಿಳಿದುಕೊಂಡೇ ಅಂಗಡಿಗೆ ಹೋಗಿರಿ.

ಗ್ವಾಡಿಯಿಂದ ಇಳಿಸುವುದು

ಮುತ್ಯಾನ ಫೋಟೊ ಪಡಸಾಲೆಯಲ್ಲಿ, ತೊಲೆಯ ಕೆಳಗೆ, ಮುಂದಕ್ಕೆ ಬಾಗಿಕೊಂಡು ಜೋತುಬಿದ್ದಿರುತ್ತದೆ. ಕೆಳಗೆ ಕಂಬಳಿಯ ಮೇಲೆ ಕೂತವರಿಗೆ ಮುಖ ಕಾಣಲೆಂದು ಹಿಂದಿನವರು ಹಾಗೆ ಬಾಗಿಸಿ ಕಟ್ಟುತ್ತಿದ್ದರು. ಕಂಬಳಿ ಹೋಗಿ ಸೋಫಾ ಬಂದ ಮೇಲೂ ಮುತ್ಯಾ ಬಾಗಿಯೇ ಇದ್ದಾನೆ. ಇಳಿಸಲು ಅಪ್ಪಣೆ ಕೇಳಬೇಕಾದದ್ದು ಮನೆಯ ಯಜಮಾನನಿಗಲ್ಲ, ಹಿರಿಯ ಸೊಸೆಗೆ. ಅಮಾವಾಸ್ಯೆಗೊಮ್ಮೆ ಸ್ಟೂಲು ಹತ್ತಿ ಕುಂಕುಮ ಹಚ್ಚುವವಳು ಅವಳು.

ಈ ಕುಂಕುಮದ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗಾಜಿನ ಮೇಲೆ ಹಣೆಯ ಜಾಗಕ್ಕೆ ವಿಭೂತಿ, ವಿಭೂತಿಯ ಮೇಲೆ ಕುಂಕುಮ, ಅದರ ಮೇಲೆ ಊದಿನಕಡ್ಡಿಯ ಹೊಗೆ, ಹೊಗೆಯ ಮೇಲೆ ಮತ್ತೆ ವಿಭೂತಿ. ಹೀಗೆ ವರ್ಷಗಟ್ಟಲೆ ಪದರು ಕಟ್ಟಿ, ಮುತ್ಯಾನ ಹುಬ್ಬಿನ ಮೇಲೆ ಏನಿದೆಯೆಂದು ಮನೆಯಲ್ಲಿ ಎರಡು ತಲೆಮಾರಿನವರು ನೋಡಿರುವುದಿಲ್ಲ. ಪಟಕಾ ಸುತ್ತಿದ್ದನೆಂದು ಒಬ್ಬರು, ಕರೀ ಟೊಪ್ಪಿಗೆ ಇಟ್ಟಿದ್ದನೆಂದು ಒಬ್ಬರು ಪಂಥ ಕಟ್ಟುತ್ತಾರೆ. ಒಣ ಅರಿವೆಯಿಂದ ನಿಧಾನಕ್ಕೆ ಒರೆಸಿರಿ. ನೀರು ಹಚ್ಚಬೇಡಿ. ನೀರು ಕಟ್ಟಿನ ಅಂಚಿನಿಂದ ಒಳಗಿಳಿದರೆ ಕುಂಕುಮವೂ ಅದರ ಹಿಂದೆ ಇಳಿಯುತ್ತದೆ, ಆಮೇಲೆ ಮುತ್ಯಾ ಕಾಯಂ ಕೆಂಪು.

ಹಿಂದಿನ ರಟ್ಟು ಬಿಚ್ಚಿದರೆ ಒಳಗೆ ಹಳೆಯ ಕ್ಯಾಲೆಂಡರಿನ ಹಾಳೆ, ಸೊಸೈಟಿಯ ಪಾವತಿ, ಯಾರದೋ ಲಗ್ನಪತ್ರಿಕೆ ಸಿಗುತ್ತವೆ. ಒಂದನ್ನೂ ಬಿಸಾಡಬೇಡಿ. ಆದರೆ ಕ್ಯಾಲೆಂಡರಿನ ಇಸವಿಯನ್ನು ಫೋಟೊದ ಇಸವಿಯೆಂದು ಬರೆದುಕೊಳ್ಳಲೂ ಬೇಡಿ. ಅದು ಕಟ್ಟು ಹಾಕಿಸಿದ ವರ್ಷ ಮಾತ್ರ. ಕಟ್ಟು ಹಾಕಿಸುವುದು ಸಾಮಾನ್ಯವಾಗಿ ಮನುಷ್ಯ ಸತ್ತ ಮೇಲೆ.

ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಎಳೆದರೆ ಮೂಗು ಗಾಜಿನ ಪಾಲಿಗೆ, ಕಿವಿ ಕಾಗದದ ಪಾಲಿಗೆ ಹೋಗುತ್ತವೆ. ತಲಬಾಗಿಲ ಬೆಳಕಿಗೆ ಓರೆಯಾಗಿ ಹಿಡಿದು, ಗಾಜಿನ ಸಮೇತ, ಫ್ಲ್ಯಾಶ್ ಇಲ್ಲದೆ ಮೊಬೈಲಿನಲ್ಲಿ ತೆಗೆದುಕೊಳ್ಳಿರಿ. ಕಪ್ಪಗಿನ ಜಾಗದ ಅಂಚಿನಲ್ಲಿ ನೀಲಿಬಣ್ಣದ ಕನ್ನಡಿಯಂಥ ಹೊಳಪು ಕಂಡರೆ ಗಾಬರಿಯಾಗಬೇಡಿ, ಅದು ಆ ಕಾಲದ ಫೋಟೊ ಕಾಗದದೊಳಗಿನ ಬೆಳ್ಳಿಯೇ ಮೇಲೆ ಬಂದದ್ದು. ಇದನ್ನು ಮಾತ್ರ ಜೋರಾಗಿ ಹೇಳಬೇಡಿ. ಬೆಳ್ಳಿಯೆಂದರೆ ಅದಕ್ಕೂ ಪಾಲುದಾರರು ಹುಟ್ಟುತ್ತಾರೆ.

ಕಾಲ ಗೊತ್ತು ಮಾಡುವುದು

ಕೋಟನ್ನು ನಂಬಬೇಡಿ. ಕೋಟು ಸ್ಟುಡಿಯೊದ್ದು. ತೋಳು ಬೆರಳಿನ ಗೆಣ್ಣಿನ ತನಕ ಬಂದಿದ್ದರೆ ಅದು ಖಾತ್ರಿ. ಕುರ್ಚಿ, ಹೂದಾನಿ, ಹಿಂದಿನ ಪರದೆಯ ಮೇಲಿನ ಅರಮನೆಯ ಮೆಟ್ಟಿಲು, ಓದು ಬಾರದವನ ಕೈಗೆ ಕೊಟ್ಟ ದಪ್ಪ ಪುಸ್ತಕ, ಎಲ್ಲವೂ ಸ್ಟುಡಿಯೊದವೇ. ಸವದತ್ತಿಗೆ ರೈಲು ಇಲ್ಲ. ಧಾರವಾಡಕ್ಕೋ ಬೆಳಗಾವಿಗೋ ಕೋರ್ಟು-ಕಚೇರಿ ಕೆಲಸಕ್ಕೆ ಹೋದವನು ಪೇಟೆಯಲ್ಲಿ ಒಂದು ತಾಸು ಸಾಹೇಬನಾಗಿ ಕೂತು ಬಂದಿದ್ದಾನೆ. ಪಾದ ನೋಡಿರಿ. ಬರಿಗಾಲು, ಒಡೆದ ಹಿಮ್ಮಡಿ, ಬೆರಳ ಸಂದಿಯಲ್ಲಿ ಎರೀಮಣ್ಣು. ಕುರ್ಚಿಯಲ್ಲಿ ಕೂತವನ ನಿಜವಾದ ವಿಳಾಸ ಅಲ್ಲಿದೆ.

ಹೆಂಗಸರ ಫೋಟೊದಲ್ಲಿ ಕೊರಳು ನೋಡಬೇಕು. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ತಲೆಮಾರುಗಟ್ಟಲೆ ಹಾಗೇ ಇದ್ದವು, ಅವುಗಳಿಂದ ಕಾಲ ತಿಳಿಯುವುದು ಕಷ್ಟ. ಆದರೆ ಬೋರಮಾಳ, ಟಿಕ್ಕಿ ತಿಳಿಸುತ್ತವೆ. ಒಂದೇ ಟಿಕ್ಕಿ ಮೂವರು ನೆಗೆಣ್ಣಿಯರ ಕೊರಳಲ್ಲಿ ಮೂರು ಫೋಟೊದಲ್ಲಿ ಕಂಡರೆ ಎರಡು ಅರ್ಥ: ಆಗಿನ್ನೂ ಮನೆ ಒಡೆದಿರಲಿಲ್ಲ, ಮತ್ತು ಅದು ಅತ್ತೆಯದು. ನಾಲ್ಕನೆಯ ಫೋಟೊದಲ್ಲಿ ಅದು ಒಬ್ಬಳ ಕೊರಳಲ್ಲೇ ಕಾಯಂ ಆಗಿದ್ದರೆ ಪಾಲಾದ ಮೇಲಿನ ಫೋಟೊ. ಇಂಥ ಸಾಕ್ಷಿಯನ್ನು ತಕ್ಷಣ ಬಾಯಿಬಿಟ್ಟು ಹೇಳಿದವರು ಊಟದ ಹೊತ್ತಿನ ತನಕ ಆ ಮನೆಯಲ್ಲಿ ಉಳಿದಿದ್ದಿಲ್ಲ.

ಚೌಕಾಕಾರದ, ಸುತ್ತ ಬಿಳಿ ಅಂಚಿನ ಸಣ್ಣ ಕಪ್ಪು-ಬಿಳುಪು ಫೋಟೊಗಳಿದ್ದರೆ ಅವು ಬಹುಶಃ 1960-70ರ ದಶಕದವು. ಮನೆಯ ಯಾವನೋ ಮೇಷ್ಟ್ರಾದ ಅಥವಾ ಮಿಲಿಟರಿ ಸೇರಿದ ಹುಡುಗ ಆಗ್ಫಾ ಕ್ಲಿಕ್ ಕ್ಯಾಮೆರಾ ತಂದಿದ್ದ. ಅವನು ಒಂದು ಫೋಟೊದಲ್ಲೂ ಇರುವುದಿಲ್ಲ. ಅಂಗಳದಲ್ಲಿ ಬಿದ್ದ ಅವನ ನೆರಳು ಮಾತ್ರ ಒಂದೆರಡರಲ್ಲಿ ಸಿಗಬಹುದು.

ಇಸವಿ ಕೇಳಿದರೆ ಯಾರೂ ಹೇಳುವುದಿಲ್ಲ. ಪರಿವರ್ತನೆ ನೀವೇ ಮಾಡಿಕೊಳ್ಳಬೇಕು. "ಪ್ಲೇಗ ಬಂದು ಊರ ಹೊರಗ ಗುಡಿಸಲ ಹಾಕಿದಾಗ" ಎಂದರೆ 1898ರ ಆಚೀಚೆ. ಮನೆಯಲ್ಲಿ ವಾರದೊಳಗೆ ಮೂವರು ಹೋದರೆಂದರೆ 1918ರ ಇನ್‌ಫ್ಲುಯೆಂಜಾ ಇರಬಹುದು. "ಮುಳುಗಡಿ ಆದಾಗ" ಎಂದರೆ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದು ರೇಣುಕಾಸಾಗರ ತುಂಬಿದ 1970ರ ದಶಕ. ಫೋಟೊದ ಹಿನ್ನೆಲೆಯಲ್ಲಿ ಈಗ ಯಾರೂ ಗುರುತು ಹಿಡಿಯದ ಹೊಳೆದಂಡೆ, ಗಿಡ, ಕಟ್ಟೆ ಇದ್ದರೆ ನೀರಿನ ಕೆಳಗೆ ಹೋದ ಊರೇನೋ ಎಂದು ಕೇಳಿರಿ. ಇನ್ನು ಹುಟ್ಟಿದ ದಿನಕ್ಕೆ ಶಾಲೆಯ ರಜಿಸ್ಟರು ನೋಡುತ್ತೇನೆ ಎನ್ನುವವರಿಗೆ ಶುಭವಾಗಲಿ. ಮೇಷ್ಟ್ರ ದಯೆಯಿಂದ ಇಡೀ ತಾಲೂಕು ಜೂನ್ 1ಕ್ಕೆ ಹುಟ್ಟಿದೆ.

ಎರಡು ದಾವೆಗಳನ್ನು ಸೌಜನ್ಯದಿಂದ ಕೇಳಿ ಪಕ್ಕಕ್ಕಿಡಬೇಕು. ಒಂದು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಹಿಂದೆ ನಿಂತವನು ನಮ್ಮ ಮುತ್ಯಾ ಎಂಬುದು. ಗಾಂಧೀಜಿ ಅಧ್ಯಕ್ಷರಾದ ಏಕೈಕ ಅಧಿವೇಶನ ಅದು, ಜನ ಬಹಳ ಸೇರಿದ್ದರು ನಿಜ. ಆದರೂ ಹಿಂದೆ ನಿಂತೆವೆನ್ನುವವರನ್ನೆಲ್ಲ ನಿಲ್ಲಿಸಲು ಟಿಳಕವಾಡಿ ಸಾಲುವುದಿಲ್ಲ. ಎರಡು, ನಮ್ಮ ಮನೆಯಲ್ಲಿ ರಾಣಿ ಚೆನ್ನಮ್ಮನ ಅಸಲಿ ಫೋಟೊ ಇದೆ ಎಂಬುದು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ಫೋಟೊ ತೆಗೆಯುವ ವಿದ್ಯೆ ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಅಂದಹಾಗೆ, ಕಿತ್ತೂರಿನ ಪರವಾಗಿ ಕಾದಿದವರ, ಸಂಗೊಳ್ಳಿ ರಾಯಣ್ಣನ ಜೊತೆ ಕಾಡು ಸೇರಿದವರ ವಂಶಸ್ಥರು ಊರೂರಿಗೂ ಸಿಗುತ್ತಾರೆ. ಕೋಟೆಯ ಗುಟ್ಟು ಕೊಟ್ಟರೆಂದು ಜನ ಹೇಳುವ ಮಲ್ಲಪ್ಪಶೆಟ್ಟಿ, ವೆಂಕಟರಾಯರ ವಂಶದವರು ಮಾತ್ರ ಇಷ್ಟು ವರ್ಷದಲ್ಲಿ ಒಬ್ಬರೂ ನನಗೆ ಭೇಟಿಯಾಗಿಲ್ಲ. ದ್ರೋಹಿಗಳಿಗೆ ಮಕ್ಕಳಾಗುವುದಿಲ್ಲವೆಂದು ಕಾಣುತ್ತದೆ.

ವಂಶಾವಳಿ ಜೋಡಿಸುವುದು

ಇಲ್ಲಿ ಮೂರು ಮೂಲಗಳಿವೆ: ಕಲ್ಲು, ಹೆಳವ, ತಲಾಟಿ. ಮೂವರೂ ಅಷ್ಟಷ್ಟು ಬಿಟ್ಟು ಹೇಳುತ್ತಾರೆ.

ಕಲ್ಲಿನಿಂದ ಶುರು ಮಾಡೋಣ. ಸವದತ್ತಿ ಹಿಂದೆ ಸುಗಂಧವರ್ತಿ, ರಟ್ಟರ ರಾಜಧಾನಿ. ಅವರ ಶಾಸನಗಳನ್ನು ಜೆ.ಎಫ್. ಫ್ಲೀಟ್ ಓದಿ ಅಚ್ಚು ಹಾಕಿಸಿದ. ಅವುಗಳ ಪ್ರಕಾರ ಪೃಥ್ವೀರಾಮನ ಕಾಲ 875. ಅವನ ಮಗ ಪಿಟ್ಟುಗ. ಪಿಟ್ಟುಗನ ಮಗ ಶಾಂತಿವರ್ಮನ ಕಾಲ 980. ಅಜ್ಜನಿಂದ ಮೊಮ್ಮಗನಿಗೆ 105 ವರ್ಷ! ವಿದ್ವಾಂಸರು ತಲೆ ಕೆರೆದುಕೊಂಡರು. ಅದೂ ಸಾಲದೆಂಬಂತೆ ಅದೇ ಕಾಲಕ್ಕೆ "ನನ್ನ" ಎಂಬ ಹೆಸರಿನವನ ಮಗ ಕಾರ್ತವೀರ್ಯನೂ ರಟ್ಟನೆಂದೇ ಕಾಣಿಸಿಕೊಳ್ಳುತ್ತಾನೆ, ಮುಂದಿನ ಸಾಲು ಅವನಿಂದಲೇ ನಡೆಯುತ್ತದೆ. ಶಾಂತಿವರ್ಮನಿಗೂ ಇವರಿಗೂ ಏನಾಗಬೇಕೆಂದು ಕಲ್ಲು ಹೇಳುವುದಿಲ್ಲ. ಆಸ್ಥಾನದಲ್ಲಿ ಪಂಡಿತರನ್ನಿಟ್ಟುಕೊಂಡು ಕಲ್ಲಿನ ಮೇಲೆ ಕೆತ್ತಿಸಿದವರ ಮನೆತನದ ಹಕೀಕತ್ತೇ ಹೀಗಿದ್ದರೆ, ನಿಮ್ಮ ಕಾಕಾ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಗೀಚಿಟ್ಟದ್ದರಲ್ಲಿ ಒಂದು ತಲೆಮಾರು ತಪ್ಪಿದ್ದಕ್ಕೆ ಜಗಳಾಡಬೇಡಿ. ಲೆಕ್ಕ ಸರಳ: ತಲೆಮಾರಿಗೆ 25-30 ವರ್ಷ ಹಿಡಿಯಿರಿ, ಅಂತರ ಅದಕ್ಕಿಂತ ಬಹಳ ಹೆಚ್ಚಿದ್ದರೆ ನಡುವೆ ಒಬ್ಬ ಬಸಪ್ಪ ಕಳೆದುಹೋಗಿದ್ದಾನೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ನಮ್ಮಲ್ಲಿ ಇಬ್ಬರು ಬಸಪ್ಪಂದಿರು ಸೇರಿ ಒಬ್ಬನಾಗುವುದು ತೀರಾ ಸಲೀಸು. ಸವದತ್ತಿಯಲ್ಲಂತೂ ಗುಡ್ಡದ ಎಲ್ಲಮ್ಮನ ಕೃಪೆಯಿಂದ ಯಲ್ಲಪ್ಪ, ಯಲ್ಲವ್ವ, ರೇಣುಕಾ, ಪರಸಪ್ಪ ಮನೆಗೊಬ್ಬರು. ಅಡ್ಡಹೆಸರಿನ ಜೊತೆಗೆ ಊರವರಿಟ್ಟ ಹೆಸರನ್ನೂ ಬರೆದುಕೊಳ್ಳಿರಿ. ಮೀಸಿ ಯಲ್ಲಪ್ಪ, ಮೋಟ ಯಲ್ಲಪ್ಪ ಎಂಬುದು ಯಾವ ದಫ್ತರದಲ್ಲೂ ಇರುವುದಿಲ್ಲ, ಆದರೆ ಅವರನ್ನು ಬೇರೆ ಬೇರೆ ಮಾಡಲು ಅದೊಂದೇ ದಾರಿ.

ಹೆಳವರು ಸುಗ್ಗಿಯ ನಂತರ, ಕೆಲವು ವರ್ಷಕ್ಕೊಮ್ಮೆ ಬರುತ್ತಾರೆ. ಹಿಂದೆ ಎತ್ತಿನ ಮೇಲೆ ಕೂತು ಬರುತ್ತಿದ್ದರು. ನಿಮ್ಮ ಮೂಲಸ್ಥಳ, ಬೆಡಗು, ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಕೂಸಿನ ತನಕ ಬಾಗಿಲಲ್ಲಿ ನಿಂತು ರಾಗವಾಗಿ ಹೇಳುತ್ತಾರೆ. ಜೋಳ, ಅರಿವೆ, ರೊಕ್ಕ ಕೊಡಬೇಕು, ಅನುಕೂಲವಿದ್ದವರು ಆಕಳನ್ನೂ ಕೊಟ್ಟದ್ದಿದೆ. ಕೊಟ್ಟ ಮೇಲೆ ಹೊಸ ಕೂಸಿನ ಹೆಸರು ಅವರ ಹೊತ್ತಿಗೆಗೆ ಏರುತ್ತದೆ. ಈ ವ್ಯವಸ್ಥೆಯ ಚಂದ ನೋಡಿರಿ: ವಂಶಾವಳಿಯನ್ನು ವಂಶದವರ ಕೈಗೆ ಕೊಡದೆ, ಪಾಲಿಗೆ ಸಂಬಂಧವೇ ಇಲ್ಲದ ಮೂರನೆಯವರ ಹತ್ತಿರ ಇಟ್ಟಿದ್ದಾರೆ. ತಿದ್ದಲು ಬರುವುದಿಲ್ಲ. ಹೆಳವ ಬಂದಾಗ "ನಾಳೆ ಬಾ" ಎನ್ನುವ ಮನೆಯವರು ಆಮೇಲೆ ದುಡ್ಡು ತೆತ್ತು ಮೊಬೈಲಿನ ಆ್ಯಪಿನಲ್ಲಿ ವಂಶವೃಕ್ಷ ಹುಡುಕುವುದನ್ನು ಕಂಡಿದ್ದೇನೆ. ಕೇಳಿ ಒಪ್ಪಿಗೆ ಪಡೆದು ಧ್ವನಿ ಹಿಡಿದುಕೊಳ್ಳಿರಿ. ಹಾಡಿನ ನಡುವೆ ಬಾಯಿ ಹಾಕಬೇಡಿ, ಮೊದಲಿನಿಂದ ಶುರುವಾಗುತ್ತದೆ.

ತಲಾಟಿಯ ವಂಶಾವಳಿ ಬೇರೆಯೇ ಜಾತಿಯದು. ಅದು ಹುಟ್ಟುವುದು ಯಾರಾದರೂ ಸತ್ತು ವಾರಸಾ ಹಚ್ಚುವಾಗ. ಹಾಗಾಗಿ ಭೂಮಿ ಇದ್ದವರಿಗೆ ಮಾತ್ರ ಹಿರಿಯರು. ಹಳೆಯ ಕಾಗದ ಮೋಡಿ ಲಿಪಿಯಲ್ಲಿರುತ್ತವೆ. ಓದಬಲ್ಲ ಮುದುಕರು ಒಬ್ಬಿಬ್ಬರು ಉಳಿದಿದ್ದಾರೆ, ಕುಂದಾ ಅವರಿಗೂ ಒಯ್ಯಿರಿ. ಈ ಕಾಗದಗಳಲ್ಲಿ ಹೆಣ್ಣುಮಕ್ಕಳನ್ನು ಬಹಳ ಕಾಲ ಯಾರೂ ಹುಡುಕಲಿಲ್ಲ. ಹೆಣ್ಣುಮಕ್ಕಳಿಗೂ ಪಾಲು ಕೊಡುವ 1994ರ ಕರ್ನಾಟಕದ ತಿದ್ದುಪಡಿ ಬಂತು, ಆಗಲೇ ಮದುವೆಯಾದವರನ್ನು ಅದು ಹೊರಗಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಆಮೇಲೆ ನೋಡಿರಿ, ಇಷ್ಟು ವರ್ಷ ಇಲ್ಲದ ಅತ್ತೆಯರು ವಂಶಾವಳಿಯಲ್ಲಿ ಸಾಲಾಗಿ ಎದ್ದು ನಿಂತರು. ಎದ್ದು ನಿಂತ ಮರುವಾರ ಅವರನ್ನು ಕಾರು ಮಾಡಿ ಸಬ್‌ರಜಿಸ್ಟ್ರಾರ್ ಕಚೇರಿಗೆ ಕರೆತಂದು, ಸೀರೆ ಉಡಿಸಿ, ಹಕ್ಕುಬಿಟ್ಟ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿ, ಊಟ ಹಾಕಿ ಕಳಿಸಿದರು.

ದತ್ತಕ ಇದ್ದಲ್ಲಿ

ದನಿ ತಗ್ಗಿಸಿ ಮಾತಾಡಿರಿ. ಈ ಸೀಮೆಯಲ್ಲಿ 1824ರಲ್ಲಿ ದತ್ತಕದ ಒಂದು ತಕರಾರಿಗೆ ತೋಫು ಹಾರಿವೆ. ಕಿತ್ತೂರಿನ ಗಾದಿಗೆ ಶಿವಲಿಂಗಪ್ಪನನ್ನು ದತ್ತಕ ತಗೊಂಡದ್ದನ್ನು ಒಪ್ಪುವುದಿಲ್ಲವೆಂದ ಧಾರವಾಡದ ಕಲೆಕ್ಟರ್ ಥ್ಯಾಕರೆ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಎದುರು ಸತ್ತ. ರಕ್ತ ಬೇರೆಯಾದರೆ ವಂಶ ಕೆಟ್ಟಿತೆನ್ನುವವರಿಗೆ ಇದೇ ತಾಲೂಕಿನ ಶಿರಸಂಗಿಯನ್ನು ತೋರಿಸಿರಿ. ಲಿಂಗರಾಜ ದೇಸಾಯರು ಹುಟ್ಟಿದ್ದು 1861ರಲ್ಲಿ, ಬೇರೊಂದು ಮನೆತನದಲ್ಲಿ. ಶಿರಸಂಗಿಗೆ ದತ್ತಕ ಬಂದು, 1906ರಲ್ಲಿ ತೀರಿಕೊಳ್ಳುವ ಮುನ್ನ ಇಡೀ ಸಂಸ್ಥಾನದ ಆಸ್ತಿಯನ್ನು ಓದುವ ಮಕ್ಕಳಿಗೆ ಬರೆದಿಟ್ಟರು. ಆ ವಾಡೆಯಲ್ಲೇ ಹುಟ್ಟಿದ ಎಲ್ಲ ಹಿರಿಯರಿಗಿಂತ ಅವರ ಫೋಟೊವೇ ಇಂದು ಹೆಚ್ಚು ಗೋಡೆಗಳ ಮೇಲಿದೆ.

ಕತ್ತರಿ ಆಡಿದ ಫೋಟೊ

ಗುಂಪಿನ ಫೋಟೊದಲ್ಲಿ ಒಂದು ಬದಿ ನೇರವಾಗಿ ಕತ್ತರಿಸಿದ್ದು, ಉಳಿದವರ ಹೆಗಲ ಮೇಲೆ ಯಾರದೋ ಬೆರಳು ಮಾತ್ರ ಉಳಿದಿದ್ದರೆ, ಆ ಬೆರಳು ಯಾರದೆಂದು ಗಂಡಸರ ಎದುರು ಕೇಳಬೇಡಿ. ಸಾಲದ ಜಗಳ ಮಾಡಿ ಬೇರೆಯಾದ ಅಣ್ಣನದಿರಬಹುದು, ಬೇರೆ ಜಾತಿಯವನ ಸಂಗಡ ಹೋದ ಮಗಳದಿರಬಹುದು. ಎಲ್ಲಮ್ಮನ ಗುಡ್ಡದ ಸುತ್ತಲಿನ ಊರುಗಳಲ್ಲಿ ಇನ್ನೊಂದು ಸಾಧ್ಯತೆ: ಮುತ್ತು ಕಟ್ಟಿಸಿಕೊಂಡವಳು. ಗಂಡುಮಕ್ಕಳಿಲ್ಲದ ಮನೆಗಳಲ್ಲಿ, ಹೆಚ್ಚಾಗಿ ದಲಿತರ, ಬಡವರ ಮನೆಗಳಲ್ಲಿ, ಒಬ್ಬ ಮಗಳನ್ನು ದೇವಿಗೆ ಬಿಟ್ಟು ಮಗನ ಜಾಗದಲ್ಲಿ ಉಳಿಸಿಕೊಳ್ಳುತ್ತಿದ್ದರು. ಇದನ್ನು ತಡೆಯಲು ಆಗಿನ ಮುಂಬೈ ಸರಕಾರ 1934ರಲ್ಲಿ, ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿದವು. ತಂದೆ-ತಾಯಿಗೆ ಕೂಳು ಹಾಕಿದ್ದು ಅವಳು, ಮನೆ ನಿಂತದ್ದು ಅವಳಿಂದ. ಅವಳ ಮಕ್ಕಳ ವಂಶಾವಳಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ. ಆ ಖಾಲಿ ಜಾಗಕ್ಕೆ ಹೊಂದುವ ಫೋಟೊ ಅದೇ ಊರಿನ ಇನ್ನೊಂದು ಪಡಸಾಲೆಯಲ್ಲಿ, ಕೋಟು ಹಾಕಿಕೊಂಡು, ಕುಂಕುಮ ಹಚ್ಚಿಸಿಕೊಂಡು ಇದ್ದೀತು. ಈ ಕೈಪಿಡಿಯಲ್ಲಿ ಇದಕ್ಕೆ ರಿಪೇರಿ ವಿಧಾನ ಕೊಟ್ಟಿಲ್ಲ. ಕತ್ತರಿಸಿದ ತುಂಡು ಯಾವುದಾದರೂ ಟ್ರಂಕಿನಲ್ಲಿ ಸಿಕ್ಕರೆ ಜೋಡಿಸಿ ಇಡಿರಿ, ಅಷ್ಟೇ.

ಎಲ್ಲರೂ ಇರುವ ಒಂದೇ ಫೋಟೊ

ಅದು ಸಾವಿನದು. ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಗ್ವಾಡಿಗೆ ಆನಿಸಿ ಕೂಡ್ರಿಸಿ, ವಿಭೂತಿ ಧರಿಸಿ, ಹೂ ಮುಡಿಸಿ, ಸುತ್ತ ಮಂದಿ ಕೂತು ಫೋಟೊ ತೆಗೆಸುತ್ತಿದ್ದರು. ಎಷ್ಟೋ ಅಜ್ಜಿಯರ ಬದುಕಿನ ಒಂದೇ ಫೋಟೊ ಬದುಕು ಮುಗಿದ ಮೇಲಿನದು. ಮೊಮ್ಮಕ್ಕಳು ಹೆದರಿ ಅದನ್ನು ಕಪಾಟಿನ ಹಿಂದೆ ತಳ್ಳಿರುತ್ತಾರೆ. ಹೊರಗೆ ತೆಗೆಯಿರಿ. ಮದುವೆಗೆ ಬಾರದವರು ಮಣ್ಣಿಗೆ ಬಂದಿರುತ್ತಾರೆ. ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣ-ತಮ್ಮಂದಿರು ಇಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದಾರೆ. ಇದನ್ನು ಹಿಡಿದುಕೊಂಡು ಅತ್ತೆಯ ಹತ್ತಿರ ಹೋಗಿರಿ. ಯಾವ ಅತ್ತೆ ಎಂದರೆ ಹೆಬ್ಬೆಟ್ಟು ಒತ್ತಿಹೋದ ಅತ್ತೆ.

ಅವಳು ಚಾಳೀಸು ಹುಡುಕಿ, ಸೆರಗಿನಿಂದ ಒರೆಸಿಕೊಂಡು, ಎಡಗಡೆಯಿಂದ ಒಬ್ಬೊಬ್ಬರ ಮೇಲೆ ಬೆರಳಿಡುತ್ತಾ ಬರುತ್ತಾಳೆ. "ಇಂವ ನಿಮ್ಮ ದೊಡ್ಡ ಕಾಕಾ. ಈಕಿ ಯರಗಟ್ಟಿಗೆ ಕೊಟ್ಟಾಕಿ, ಮೂರು ತಿಂಗಳಾಗಿತ್ತು ಆಕಿಗೆ ಆವಾಗ. ಇದು ನಾ." ಗ್ವಾಡಿಯ ಮೇಲೆ, ಹೆಣದ ಹಿಂದೆ, ಇನ್ನೊಂದು ಸಣ್ಣ ಫೋಟೊ ಇರುತ್ತದೆ. ಫೋಟೊದೊಳಗಿನ ಫೋಟೊ, ಉಗುರಿನಷ್ಟು. ನೀವು ಗಮನಿಸಿರುವುದಿಲ್ಲ. ಅವಳ ಬೆರಳು ಅಲ್ಲಿ ನಿಲ್ಲುತ್ತದೆ. "ಈಕಿ ನಿಮ್ಮ ಮುತ್ಯಾನ ಮೊದಲನೇ ಹೆಂಡತಿ. ಹಡಿಯೂ ಮುಂದ ಸತ್ತಳು. ಆಕಿ ತಂಗೀನ್ನ ಮತ್ತ ಮಾಡಿಕೊಂಡ. ಆಕೀನ ನಿಮ್ಮಜ್ಜಿ." ತಲಾಟಿಗೆ ಇದು ಗೊತ್ತಿಲ್ಲ. ಮಕ್ಕಳಿಲ್ಲದೆ ಸತ್ತವಳಿಗೆ ವಾರಸಾ ಇಲ್ಲ, ವಾರಸಾ ಇಲ್ಲದವಳಿಗೆ ಡೈರಿ ಇಲ್ಲ. ಅವಳ ಹೆಸರೇನೆಂದು ಆಗಲೇ, ಅಲ್ಲೇ ಕೇಳಿ ಬರೆದುಕೊಳ್ಳಿರಿ. ಫೋಟೊದ ಹಿಂದೆ ಬರೆಯುವುದಾದರೆ ಪೆನ್ಸಿಲಿನಿಂದ, ಅಂಚಿನಲ್ಲಿ, ಒತ್ತದೆ. ಬಾಲ್‌ಪೆನ್ನು ಒತ್ತಿ ಬರೆದರೆ ಅಕ್ಷರ ಮುಖದ ಮೇಲೆ ಮೂಡುತ್ತದೆ.

ದೋಷ ಮತ್ತು ಪರಿಹಾರ

ಯಾರೂ ಮಾತಾಡುತ್ತಿಲ್ಲ: ನಿಮ್ಮ ಜೊತೆ ಬಂದ ಅಣ್ಣನನ್ನು ಹೊರಗೆ ಕಳಿಸಿರಿ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದಾರೆ: ಮೊಬೈಲಿನಲ್ಲಿ ಧ್ವನಿ ಹಿಡಿದುಕೊಳ್ಳಿರಿ, ಮನೆಗೆ ಹೋಗಿ ಬಿಡಿಸಿಕೊಳ್ಳಿರಿ. ಇಬ್ಬರು ಎರಡು ಹೆಸರು ಹೇಳುತ್ತಿದ್ದಾರೆ: ಎರಡನ್ನೂ ಬರೆದು ಹೇಳಿದವರ ಹೆಸರು ಹಾಕಿರಿ. ಫೋಟೊ ಕೇಳಿ ಒಯ್ದವರು ತಿರುಗಿ ಕೊಟ್ಟಿಲ್ಲ: ಇದಕ್ಕೆ ಪರಿಹಾರ ಕಂಡುಹಿಡಿದವರು ಇನ್ನೂ ಹುಟ್ಟಿಲ್ಲ, ಮೊದಲೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿರಿ.

ಕೆಲಸ ಶುರು ಮಾಡಲು ಒಳ್ಳೆಯ ಹೊತ್ತು ನಾಗರಪಂಚಮಿ. ಕೊಟ್ಟ ಹೆಣ್ಣುಮಕ್ಕಳೆಲ್ಲ ತವರಿಗೆ ಬರುತ್ತಾರೆ, ಉಂಡಿ ಕಟ್ಟುತ್ತಾ ಮಧ್ಯಾಹ್ನವಿಡೀ ಕೂತಿರುತ್ತಾರೆ. ಈ ಸಲ ಅತ್ತೆಯನ್ನು ಕರೆಯಲು ನೀವೇ ಹೋಗಿರಿ, ಫೋಟೊ ಒಯ್ಯಿರಿ. ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ಅವಳನ್ನು ಪಂಚಮಿಗೆ ಕರೆದಿಲ್ಲವಾದರೆ, ಮೊದಲು ಒಂದು ಸೀರೆ ತಗೊಂಡು ಹೋಗಿ ಅದನ್ನು ಸರಿಮಾಡಿಕೊಂಡು ಬನ್ನಿರಿ. ಫೋಟೊದ ಮಾತು ಮುಂದಿನ ವರ್ಷ.